ರೇಡ್ 5 ಅರೇಯ ವಿಸ್ತರಣೆ, ರೇಡ್ 6ಕ್ಕೆ ಬದಲಾವಣೆ, ಹೊಸ ಯಂತ್ರಕ್ಕೆ ಸ್ಥಳಾಂತರ: ಯಾವ ಕೆಲಸ ಮೊದಲು?

ಕಡತಪಾಲಕ:

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ಸರ್ವರ್‌ನಲ್ಲಿ 8 ಟಿಬಿಯ ನಾಲ್ಕು ಡಿಸ್ಕ್‌ಗಳ ರೇಡ್ 5 ಅರೇ ಇದೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪು. ಲಿನಕ್ಸ್‌ನ ಎಂಡಿ ಸಾಫ್ಟ್‌ವೇರ್ ರೇಡ್, ಅದರ ಮೇಲೆ ಜಾಗವನ್ನು ಹಂಚಿಕೊಡುವ ಎಲ್‌ವಿಎಂ ಪದರ, ಅದರ ಮೇಲೆ ಎಕ್ಸ್ಟ್4 ಕಡತ ವ್ಯವಸ್ಥೆ. ಬಳಕೆಗೆ ಸಿಗುವ 24 ಟಿಬಿಯಲ್ಲಿ ಸುಮಾರು 20 ಟಿಬಿ ತುಂಬಿದೆ. ಇದರಲ್ಲಿರುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ದಾಖಲೆಗಳು ಮತ್ತು ಧ್ವನಿಮುದ್ರಣಗಳು. ಕೆಲವುಗಳ ಮೂಲ ಪ್ರತಿಗಳೇ ಈಗ ಉಳಿದಿಲ್ಲವಾದ್ದರಿಂದ, ಇಲ್ಲಿಂದ ಹೋದರೆ ಮತ್ತೆ ಸಿಗುವಂಥವಲ್ಲ.

ಈಗ 12 ಟಿಬಿಯ ಎರಡು ಹೊಸ ಡಿಸ್ಕ್‌ಗಳೂ ಒಂದು ಹೊಸ ಯಂತ್ರವೂ ಬಂದಿವೆ. ಅರೇಯನ್ನು ಹೊಸ ಯಂತ್ರಕ್ಕೆ ಸಾಗಿಸಬೇಕು, ಎರಡು ಡಿಸ್ಕ್‌ಗಳು ಕೆಟ್ಟರೂ ತಡೆಯುವ ರೇಡ್ 6 ಮಾಡಬೇಕು, ಜಾಗವನ್ನೂ ಹೆಚ್ಚಿಸಬೇಕು. ಎಂಡಿಯನ್ನು ನಿರ್ವಹಿಸುವ ಎಂಡಿಆಡಮ್‌ನ ಗ್ರೋ ಆಜ್ಞೆಗೆ ಹೊಸ ರೇಡ್ ಮಟ್ಟವನ್ನೂ ಹೊಸ ಡಿಸ್ಕ್ ಸಂಖ್ಯೆಯನ್ನೂ ಒಟ್ಟಿಗೆ ಕೊಟ್ಟು ಒಂದೇ ಬಾರಿಗೆ ಮುಗಿಸಬಹುದೆಂದು ಕೈಪಿಡಿಯಿಂದ ತಿಳಿಯಿತು. ಹಾಗೆ ಮಾಡುವುದು ಸರಿಯೇ, ಅಥವಾ ಹಂತ ಹಂತವಾಗಿ ಹೋಗಬೇಕೇ? ಹಳೆಯ 17 ಟಿಬಿಯಷ್ಟು ಕಡತಗಳಿಗೆ ಬೇರೆಡೆ ಬ್ಯಾಕಪ್ ಇದೆ. ಇತ್ತೀಚಿನ 3 ಟಿಬಿ ಮಾತ್ರ ಈ ಅರೇಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ.

ಬಿಟ್‌ಬೆಳಕು:

ಒಂದೇ ಆಜ್ಞೆಯಲ್ಲಿ ಮುಗಿಸಲು ಸಾಧ್ಯವಿದೆ, ಆದರೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಿಸ್ಕ್‌ಗಳ ಸಂಖ್ಯೆ ಬದಲಾದಾಗ ಎಂಡಿ ಪ್ರತಿಯೊಂದು ಸ್ಟ್ರೈಪನ್ನೂ (ಎಲ್ಲ ಡಿಸ್ಕ್‌ಗಳಲ್ಲಿ ಹರಡಿದ ದತ್ತಾಂಶದ ಒಂದು ಸಾಲು) ಓದಿ, ಹೊಸ ಅಗಲಕ್ಕೆ ತಕ್ಕಂತೆ ಮರುಹಂಚಿ, ಪ್ಯಾರಿಟಿಯನ್ನು (ಕೆಟ್ಟ ಡಿಸ್ಕ್‌ನಲ್ಲಿದ್ದುದನ್ನು ಮತ್ತೆ ಪಡೆಯಲು ನೆರವಾಗುವ ಹೆಚ್ಚುವರಿ ದತ್ತಾಂಶ) ಹೊಸದಾಗಿ ಲೆಕ್ಕಹಾಕಿ ಬರೆಯುತ್ತದೆ. ಇದನ್ನೇ ರೀಶೇಪ್ ಎನ್ನುವುದು. ಇದು ನಡೆಯುತ್ತಿರುವಷ್ಟು ಹೊತ್ತು ಅರೇಯ ಒಂದು ಭಾಗ ಹೊಸ ವಿನ್ಯಾಸದಲ್ಲಿಯೂ ಉಳಿದ ಭಾಗ ಹಳೆಯ ವಿನ್ಯಾಸದಲ್ಲಿಯೂ ಇದ್ದು, ಎರಡು ದೋಣಿಗಳ ಮೇಲೆ ಕಾಲಿಟ್ಟ ಸ್ಥಿತಿ ಉಂಟಾಗುತ್ತದೆ. ಎಲ್ಲಿಯವರೆಗೆ ಕೆಲಸ ಆಗಿದೆ ಎಂಬುದು ಪ್ರತಿ ಡಿಸ್ಕ್‌ನಲ್ಲಿ ಅರೇಯ ವಿವರ ಇಡುವ ಸೂಪರ್‌ಬ್ಲಾಕ್‌ನಲ್ಲಿ ದಾಖಲಾಗುತ್ತಿರುತ್ತದೆ. ಹಾಗಾಗಿ ನಡುವೆ ವಿದ್ಯುತ್ ಹೋದರೂ ಅರೇಯನ್ನು ಮತ್ತೆ ಜೋಡಿಸಿದಾಗ ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ನನ್ನ ಆತಂಕ ಇರುವುದು ಡಿಸ್ಕ್‌ಗಳ ವಿಷಯದಲ್ಲಿ. ಎಲ್ಲ ಡಿಸ್ಕ್‌ಗಳೂ ಗಂಟೆಗಟ್ಟಲೆ ಓದುತ್ತ ಬರೆಯುತ್ತ ದುಡಿಯಬೇಕಾದ ಈ ಅವಧಿಯಲ್ಲಿ ನಿಮ್ಮ ಅರೇಗೆ ಇರುವುದು ಒಂದೇ ಪ್ಯಾರಿಟಿಯ ರಕ್ಷಣೆ.

ಆದ್ದರಿಂದ ಮೊದಲು ರಕ್ಷಣೆ ಹೆಚ್ಚಲಿ, ಜಾಗ ಆಮೇಲೆ ಹೆಚ್ಚಲಿ. ಇದಕ್ಕೆ ಎಂಡಿಆಡಮ್‌ನಲ್ಲಿಯೇ ದಾರಿಯಿದೆ. ಒಂದು ಹೊಸ ಡಿಸ್ಕನ್ನು ಮಾತ್ರ ಸೇರಿಸಿ, ಮಟ್ಟವನ್ನು 6 ಎಂದೂ ಡಿಸ್ಕ್‌ಗಳ ಸಂಖ್ಯೆಯನ್ನು 5 ಎಂದೂ ಕೊಟ್ಟು, ಲೇಔಟ್ ಆಯ್ಕೆಗೆ 'ಪ್ರಿಸರ್ವ್' ಎಂದು ಕೊಡಿ. ಆಗ ಈಗಿರುವ ದತ್ತಾಂಶ ಇದ್ದಲ್ಲಿಂದ ಕದಲುವುದಿಲ್ಲ. 'ಕ್ಯೂ' ಎಂದು ಕರೆಯುವ ಎರಡನೆಯ ಪ್ಯಾರಿಟಿ ಮಾತ್ರ ಲೆಕ್ಕವಾಗಿ ಹೊಸ ಡಿಸ್ಕ್‌ಗೆ ಹೋಗಿ ಕೂರುತ್ತದೆ. ಹಳೆಯ ನಾಲ್ಕು ಡಿಸ್ಕ್‌ಗಳಿಂದ ಓದುವ ಕೆಲಸ ಮಾತ್ರ ಇರುವುದರಿಂದ ಇದು ಕೆಟ್ಟ ಡಿಸ್ಕ್‌ನ ಬದಲಿಯನ್ನು ತುಂಬುವ ಸಾಮಾನ್ಯ ರೀಬಿಲ್ಡ್‌ನಷ್ಟೇ ಹಗುರ. ಪ್ರಿಸರ್ವ್ ಎಂದು ಕೊಡದೆ ನಾಲ್ಕರಿಂದ ಐದಕ್ಕೆ ಹೋದರೆ ಚಿತ್ರವೇ ಬೇರೆ: ಮೊದಲೂ ಮೂರು ಡಿಸ್ಕ್‌ಗಳಷ್ಟು ದತ್ತಾಂಶ, ಆಮೇಲೂ ಮೂರರಷ್ಟೇ ಆದ್ದರಿಂದ ಪ್ರತಿ ಸ್ಟ್ರೈಪನ್ನೂ ಅದೇ ಜಾಗದಲ್ಲಿ ತಿದ್ದಿ ಬರೆಯಬೇಕಾಗುತ್ತದೆ. ಅದಕ್ಕೋಸ್ಕರ ಎಲ್ಲವೂ ಬ್ಯಾಕಪ್ ಕಡತವೊಂದರ ಮೂಲಕವೇ ಹಾದುಹೋಗಬೇಕಾಗಿ, ಬರೆಯುವ ಕೆಲಸ ಇಮ್ಮಡಿಯಾಗಿ ವೇಗ ಪೂರ್ತಿ ಕುಸಿಯುತ್ತದೆ.

ಎರಡನೆಯ ಪ್ಯಾರಿಟಿ ಪೂರ್ಣಗೊಂಡ ನಂತರ ಆರನೆಯ ಡಿಸ್ಕನ್ನು ಸೇರಿಸಿ, ಲೇಔಟ್‌ಗೆ 'ನಾರ್ಮಲೈಸ್' ಎಂದು ಕೊಟ್ಟು ಸಂಖ್ಯೆಯನ್ನು 6ಕ್ಕೆ ಏರಿಸಿ. ಅಸಲಿ ರೀಶೇಪ್ ನಡೆಯುವುದು ಆಗಲೇ. ಆ ಹೊತ್ತಿಗೆ ಎರಡು ಡಿಸ್ಕ್‌ಗಳು ಕೆಟ್ಟರೂ ತಡೆದುಕೊಳ್ಳುವ ಶಕ್ತಿ ಅರೇಗೆ ಬಂದಿರುತ್ತದೆ. ದತ್ತಾಂಶದ ಡಿಸ್ಕ್‌ಗಳು ಮೂರರಿಂದ ನಾಲ್ಕಾಗುವುದರಿಂದ ಆರಂಭದ ಕೆಲವು ಸ್ಟ್ರೈಪ್‌ಗಳಿಗೆ ಮಾತ್ರ ಬ್ಯಾಕಪ್ ಕಡತ ಬೇಕಾಗುತ್ತದೆ. ಆ ಕಡತವನ್ನು ಇದೇ ಅರೇಯ ಮೇಲೆ ಇಡಬಾರದು. ಬೂಟ್ ಡಿಸ್ಕ್‌ನಲ್ಲಿ, ಮರುಚಾಲನೆಯಾದರೂ ಅಳಿಯದ ಜಾಗದಲ್ಲಿ ಇಡಬೇಕು.

12 ಟಿಬಿ ಡಿಸ್ಕ್‌ಗಳ ಬಗ್ಗೆ: ಅರೇ ಪ್ರತಿ ಡಿಸ್ಕ್‌ನಲ್ಲಿ ಬಳಸುವುದು ಅತಿ ಚಿಕ್ಕ ಡಿಸ್ಕ್‌ನಷ್ಟು ಜಾಗವನ್ನು ಮಾತ್ರ. ಹೀಗಾಗಿ ಆರು ಡಿಸ್ಕ್‌ಗಳ ರೇಡ್ 6ರಲ್ಲಿ ನಿಮಗೆ ಸಿಗುವುದು 32 ಟಿಬಿ. ಹೊಸ ಡಿಸ್ಕ್‌ಗಳಲ್ಲಿ ಉಳಿಯುವ 4 ಟಿಬಿಯನ್ನು ಈಗ ಮುಟ್ಟಬೇಡಿ. ಮುಂದೆ ಹಳೆಯವೆಲ್ಲ ಬದಲಾದ ದಿನ ಗ್ರೋ ಆಜ್ಞೆಗೆ ಗಾತ್ರ 'ಮ್ಯಾಕ್ಸ್' ಎಂದು ಕೊಟ್ಟರೆ ಆ ಜಾಗವೂ ಅರೇಗೆ ಸೇರುತ್ತದೆ.

ಸರ್ವರ್‌ಕೋಣೆ:

ಹಂತಗಳ ವಿಷಯದಲ್ಲಿ ನನಗೆ ತಕರಾರಿಲ್ಲ, ಆದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಇದ್ದ ಅರೇಯನ್ನೇ ಏಕೆ ತಿದ್ದಬೇಕು? ಹೊಸ ಯಂತ್ರ ಹೇಗೂ ಇದೆ. 12 ಟಿಬಿಯ ಇನ್ನೆರಡು ಡಿಸ್ಕ್‌ಗಳನ್ನು ತರಿಸಿದರೆ, ನಾಲ್ಕರಲ್ಲಿ ರೇಡ್ 6 ಕಟ್ಟಿದಾಗ 24 ಟಿಬಿ ಸಿಗುತ್ತದೆ. ಈಗಿನ 20 ಟಿಬಿಯನ್ನು ನೆಟ್‌ವರ್ಕ್ ಮೂಲಕ ನಕಲಿಸಿ, ಪ್ರತಿ ಕಡತದ ಚೆಕ್‌ಸಮ್ (ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತಿನ ಅಂಕಿ) ತಾಳೆ ನೋಡಿದ ಮೇಲೆ ಹಳೆಯ ಅರೇಯೇ ಬ್ಯಾಕಪ್ ಆಗಿ ಉಳಿಯುತ್ತದೆ. ಈ ದಾರಿಯಲ್ಲಿ ಯಾವ ಕ್ಷಣದಲ್ಲಿಯೂ ಮೂಲ ದತ್ತಾಂಶದ ಮೇಲೆ ಒಂದು ಅಕ್ಷರವನ್ನೂ ಬರೆಯುವ ಅಗತ್ಯ ಬೀಳುವುದಿಲ್ಲ. ಜಾಗ ತಕ್ಷಣ ಹೆಚ್ಚುವುದಿಲ್ಲ ಎಂಬುದು ನಿಜ, ಆದರೆ ಮುಂದೆ ಸೇರಿಸುವ ಪ್ರತಿ ಡಿಸ್ಕೂ ಪೂರ್ತಿ 12 ಟಿಬಿಯನ್ನು ಕೊಡುತ್ತದೆ.

ಅದು ಆಗದಿದ್ದರೆ, ಕೊನೆಯ ಪಕ್ಷ ಆ 3 ಟಿಬಿಯನ್ನು ಮೊದಲು ಹೊರಗೆ ನಕಲಿಸಿಕೊಳ್ಳಿ. ಸೇರಿಸಲು ಕಾದಿರುವ ಹೊಸ ಡಿಸ್ಕ್‌ನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಯೋಚನೆ ಬರಬಹುದು. ಆದರೆ ಆ ಡಿಸ್ಕ್ ಅರೇಗೆ ಸೇರಲು ಅಳಿಯಬೇಕಾದದ್ದು ರೀಶೇಪ್‌ನ ಹೊಸ್ತಿಲಲ್ಲಿ, ಅಂದರೆ ನಕಲಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವ ಹೊತ್ತಿನಲ್ಲಿ. ಆದ್ದರಿಂದ ಪ್ರತ್ಯೇಕವಾದ ಡಿಸ್ಕೇ ಬೇಕು. ರೇಡ್ ಎಷ್ಟೇ ಗಟ್ಟಿಯಾಗಿದ್ದರೂ ತಪ್ಪಾಗಿ ಅಳಿಸಿದ ಕಡತವನ್ನು ಮರಳಿ ಕೊಡುವುದಿಲ್ಲ, ಹಾಳಾದ ಕಡತ ವ್ಯವಸ್ಥೆಯನ್ನು ರಿಪೇರಿ ಮಾಡುವುದಿಲ್ಲ.

ಕಡತಪಾಲಕ:

ಇಬ್ಬರಿಗೂ ಧನ್ಯವಾದಗಳು. ಇನ್ನೆರಡು 12 ಟಿಬಿ ಡಿಸ್ಕ್‌ಗಳಿಗೆ ಈಗ ಅನುಮತಿ ಸಿಗುವುದು ಕಷ್ಟ; ಒಂದನ್ನು ಕೇಳಬಹುದು. 3 ಟಿಬಿಯನ್ನು ನಕಲಿಸಲು ಹೊರಗಿನ ಡಿಸ್ಕ್ ದೊರೆತಿದ್ದು, ನಕಲು ಮುಗಿದು ಚೆಕ್‌ಸಮ್‌ಗಳೂ ತಾಳೆಯಾಗಿವೆ.

ಕೆಲಸಕ್ಕೆ ಇಳಿಯುವ ಮುನ್ನ ನಾಲ್ಕೂ ಡಿಸ್ಕ್‌ಗಳು ತಮ್ಮ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯನ್ನು ತೆಗೆದು ನೋಡಿದೆ. ಮೂರು ಸ್ವಚ್ಛವಾಗಿವೆ. ಮೂರನೆಯ ಸ್ಲಾಟ್‌ನಲ್ಲಿರುವ ಡಿಸ್ಕ್‌ನಲ್ಲಿ ಮಾತ್ರ 197ನೆಯ ಸಾಲು, ಅಂದರೆ ಕರೆಂಟ್ ಪೆಂಡಿಂಗ್ ಸೆಕ್ಟರ್, 16 ಎಂದು ತೋರಿಸುತ್ತಿದೆ. ಬದಲಿ ಸೆಕ್ಟರ್‌ಗಳನ್ನು ಎಣಿಸುವ 5ನೆಯ ಸಾಲು 0 ಇದೆ. ಕೇಬಲ್ ಮೂಲಕ ಸಾಗುವಾಗಿನ ದೋಷಗಳನ್ನು ಎಣಿಸುವ 199 ಕೂಡ 0 ಇದೆ. ಒಟ್ಟಾರೆ ಆರೋಗ್ಯದ ಸಾಲಿನಲ್ಲಿ 'ಪಾಸ್ಡ್' ಎಂದೇ ಬರುತ್ತಿದೆ. ಇದನ್ನು ಎಷ್ಟು ಗಂಭೀರವಾಗಿ ಪರಿಗಣಿಸಬೇಕು?

ಬಿಟ್‌ಬೆಳಕು:

ಪೂರ್ತಿ ಗಂಭೀರವಾಗಿ ಪರಿಗಣಿಸಿ. 'ಪಾಸ್ಡ್' ಎಂಬ ಸಾಲನ್ನು ನಂಬಿ ಕೂರಬೇಡಿ. ಡಿಸ್ಕ್ ಬಹಳ ಹದಗೆಟ್ಟ ಮೇಲೂ ಅದು ಹಾಗೆಯೇ ಇರಬಲ್ಲದು. 197ರಲ್ಲಿ 16 ಎಂದರೆ, ಡಿಸ್ಕ್ ಓದಲು ಹೋಗಿ ಓದಲಾಗದೆ ಬಿಟ್ಟಿರುವ 16 ಸೆಕ್ಟರ್‌ಗಳಿವೆ ಎಂದರ್ಥ. ಅವುಗಳ ಮೇಲೆ ಮತ್ತೆ ಬರೆದಾಗ, ಒಂದೋ ಅವು ಸರಿಹೋಗಿ ಲೆಕ್ಕ ಇಳಿಯುತ್ತದೆ, ಇಲ್ಲವೇ ಬದಲಿ ಸೆಕ್ಟರ್‌ಗೆ ಹೋಗಿ 5ನೆಯ ಸಾಲು ಏರುತ್ತದೆ. 199 ಸೊನ್ನೆಯಿರುವುದರಿಂದ ಕೇಬಲ್ಲನ್ನು ದೂರುವಂತಿಲ್ಲ.

ಈಗಲೇ ಅರೇಯ ಮೇಲೆ ಒಂದು ಸ್ಕ್ರಬ್ ನಡೆಸಿ. ಸಿಂಕ್-ಆ್ಯಕ್ಷನ್ ಕಡತಕ್ಕೆ 'ಚೆಕ್' ಎಂದು ಬರೆದರೆ ಎಂಡಿ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಓದಲಾಗದ ಸೆಕ್ಟರ್ ಎದುರಾದರೆ ಪ್ಯಾರಿಟಿಯಿಂದ ಲೆಕ್ಕಹಾಕಿ ಅಲ್ಲಿಯೇ ಬರೆದು ಸರಿಪಡಿಸುತ್ತದೆ. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ಹತ್ತರ ಹದಿನಾಲ್ಕನೆಯ ಘಾತದಷ್ಟು ಬಿಟ್‌ಗಳಿಗೆ ಒಂದಕ್ಕಿಂತ ಕಡಿಮೆ ಓದು ದೋಷ ಎಂದು ಬರೆದಿರುತ್ತಾರೆ. ಅದು ಸುಮಾರು 12.5 ಟಿಬಿಗೆ ಸಮ. ಒಂದು ಡಿಸ್ಕ್ ಕೆಟ್ಟರೆ ನಿಮ್ಮ ಅರೇಯ ರೀಬಿಲ್ಡ್‌ಗೆ ಉಳಿದ ಮೂರರಿಂದ 24 ಟಿಬಿ ಓದಬೇಕಾದ್ದರಿಂದ ಅದು ವಿಫಲವಾಗುವುದು ಖಚಿತವೆಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ, ಏಕೆಂದರೆ ಅದು ತಯಾರಕರು ಕೊಡುವ ಮೇಲ್ಮಿತಿಯೇ ಹೊರತು ಸರಾಸರಿಯಲ್ಲ. ಆದರೆ ವರ್ಷಗಟ್ಟಲೆ ಯಾರೂ ತೆರೆಯದ ಕಡತಗಳಿರುವ ಮೂಲೆಗಳಲ್ಲಿ ಇಂಥ ಸೆಕ್ಟರ್‌ಗಳು ಸದ್ದಿಲ್ಲದೆ ಸೇರಿಕೊಳ್ಳುತ್ತವೆ ಎಂಬುದು ನಿಜ. ಸ್ಕ್ರಬ್ ಇರುವುದೇ ಅವುಗಳನ್ನು ಮೊದಲೇ ಹೊರಗೆಳೆಯುವುದಕ್ಕೆ.

ಇನ್ನೊಂದು ಅಂಶವನ್ನು ಇಲ್ಲಿಯೇ ಪರಿಶೀಲಿಸಿ. ಓದಲಾಗದ ಸೆಕ್ಟರ್ ಸಿಕ್ಕಾಗ ಕೆಲವು ಸಾಮಾನ್ಯ ಡಿಸ್ಕ್‌ಗಳು ನಿಮಿಷಗಟ್ಟಲೆ ಪ್ರಯತ್ನಿಸುತ್ತ ಕೂರುತ್ತವೆ, ಆದರೆ ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡು ಮಾತ್ರ. ಆಮೇಲೆ ಅದು ಡಿಸ್ಕನ್ನು ರೀಸೆಟ್ ಮಾಡಲು ಹೊರಟು, ಒಂದು ಸೆಕ್ಟರ್‌ನ ತೊಂದರೆಗೆ ಇಡೀ ಡಿಸ್ಕೇ ಅರೇಯಿಂದ ಹೊರಬೀಳುವಂತಾಗುತ್ತದೆ. ಡಿಸ್ಕ್‌ಗೆ ಈ ಪ್ರಯತ್ನದ ಅವಧಿಗೆ ಮಿತಿ ಹಾಕುವ ಎಸ್‌ಸಿಟಿ ಇಆರ್‌ಸಿ ಸೌಲಭ್ಯವಿದ್ದರೆ ಅದನ್ನು 7 ಸೆಕೆಂಡಿಗೆ ನಿಗದಿಪಡಿಸಿ. ಇಲ್ಲದಿದ್ದರೆ ಕರ್ನಲ್‌ನ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ. ಎರಡೂ ಮರುಚಾಲನೆಯ ನಂತರ ಉಳಿಯುತ್ತವೆಂದು ನೆಚ್ಚಿಕೊಳ್ಳದೆ, ಬೂಟ್ ಆಗುವಾಗಲೇ ಜಾರಿಯಾಗುವಂತೆ ಮಾಡಿಕೊಳ್ಳಿ.

ಇನ್ನು ಆ ಮೂರನೆಯ ಡಿಸ್ಕ್. ಅದನ್ನು ಅರೇಯಲ್ಲಿಟ್ಟುಕೊಂಡು ರೀಶೇಪ್‌ಗೆ ಹೋಗುವುದು ಬೇಡ. ನೀವು ಕೇಳಬಹುದೆಂದ ಒಂದು ಡಿಸ್ಕನ್ನು ತರಿಸಿಕೊಂಡು, ಅದನ್ನು ಸ್ಪೇರ್ ಆಗಿ ಸೇರಿಸಿ, 'ರಿಪ್ಲೇಸ್' ಆಜ್ಞೆಯನ್ನು ಬಳಸಿ. ಲಿನಕ್ಸ್ 3.3ರಿಂದ ಈ ಸೌಲಭ್ಯವಿದೆ. 'ಫೇಲ್' ಎಂದು ಗುರುತು ಹಾಕಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ, ರೀಬಿಲ್ಡ್ ಮುಗಿಯುವವರೆಗೆ ನಿಮಗೆ ಯಾವ ರಕ್ಷಣೆಯೂ ಇರುವುದಿಲ್ಲ. ರಿಪ್ಲೇಸ್‌ನಲ್ಲಿ ಹಳೆಯ ಡಿಸ್ಕ್ ಕೆಲಸದಲ್ಲಿಯೇ ಇರುತ್ತದೆ. ಅದರಿಂದಲೇ ನೇರವಾಗಿ ಹೊಸದಕ್ಕೆ ನಕಲಾಗುತ್ತದೆ. ಓದಲಾಗದ ಕಡೆ ಮಾತ್ರ ಉಳಿದ ಡಿಸ್ಕ್‌ಗಳ ನೆರವಿನಿಂದ ಲೆಕ್ಕವಾಗುತ್ತದೆ. ಮುಗಿದ ಮೇಲೆ ಹಳೆಯ ಡಿಸ್ಕ್ 'ಫಾಲ್ಟಿ' ಎಂದು ಕಾಣಿಸುತ್ತದೆ. ಅದು ಸಹಜ, ಗಾಬರಿಯಾಗಬೇಡಿ.

ಹಳೆಯಕಾರ್ಡ್:

ಮಧ್ಯೆ ಬಂದು ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿಯೂ ಇಂಥದೇ ಅಗತ್ಯವಿದೆ, ಆದರೆ ನಮ್ಮ ಅರೇ ಇರುವುದು ಹಾರ್ಡ್‌ವೇರ್ ರೇಡ್ ಕಾರ್ಡ್‌ನಲ್ಲಿ. ಯಂತ್ರ ಬದಲಾದರೆ ಡಿಸ್ಕ್‌ಗಳನ್ನು ಹಾಗೆಯೇ ಎತ್ತಿ ಬೇರೆ ಕಾರ್ಡ್‌ಗೆ ಹಾಕಬಹುದೇ?

ಸರ್ವರ್‌ಕೋಣೆ:

ಅದೇ ತಯಾರಕರ, ಅದೇ ಕುಟುಂಬದ ಕಾರ್ಡ್ ಆಗಿದ್ದರೆ ಸಾಮಾನ್ಯವಾಗಿ ಸಾಧ್ಯ. ಅರೇಯ ವಿವರ ಡಿಸ್ಕ್‌ಗಳ ಮೇಲೆಯೂ ಬರೆದಿರುವುದರಿಂದ ಹೊಸ ಕಾರ್ಡ್ ಅದನ್ನು 'ಫಾರಿನ್ ಕಾನ್ಫಿಗರೇಶನ್' ಎಂದು ಗುರುತಿಸಿ ಏನು ಮಾಡಬೇಕೆಂದು ಕೇಳುತ್ತದೆ. ಅಲ್ಲಿ ಆರಿಸಬೇಕಾದದ್ದು 'ಇಂಪೋರ್ಟ್'. ಅದರ ಪಕ್ಕದಲ್ಲಿಯೇ ಇರುವ 'ಕ್ಲಿಯರ್' ಆಯ್ಕೆಯು ಆ ವಿವರವನ್ನೇ ಅಳಿಸುತ್ತದೆ. ತೆರೆಯ ಮೇಲೆ ಎರಡೂ ಒಂದರ ಕೆಳಗೊಂದು ಬರುತ್ತವೆ, ಆದ್ದರಿಂದ ಎಂಟರ್ ಒತ್ತುವ ಮುನ್ನ ಸಾಲನ್ನು ಮತ್ತೊಮ್ಮೆ ಓದಿ. ಬೇರೆ ತಯಾರಕರ ಕಾರ್ಡ್‌ಗೆ ಹೋಗುವುದಾದರೆ, ಅರೇಯನ್ನು ಸಾಗಿಸುವ ಯೋಚನೆಯನ್ನು ಬಿಟ್ಟು ದತ್ತಾಂಶವನ್ನು ನಕಲಿಸಿ.

ಹಲವು ಕಾರ್ಡ್‌ಗಳು ಆನ್‌ಲೈನ್ ವಿಸ್ತರಣೆಯನ್ನೂ ಮಟ್ಟದ ಬದಲಾವಣೆಯನ್ನೂ ಮಾಡುತ್ತವೆ. ಆದರೆ ಒಂದೇ ಡಿಸ್ಕ್ ಗುಂಪಿನಲ್ಲಿ ಎರಡು ವರ್ಚುವಲ್ ಡ್ರೈವ್‌ಗಳಿದ್ದರೆ ಅಥವಾ ಅರೇ ಹಲವು ರೇಡ್ 5 ಅಥವಾ 6 ಗುಂಪುಗಳನ್ನು ಜೋಡಿಸಿದ ರೇಡ್ 50, 60ರ ಬಗೆಯದಾಗಿದ್ದರೆ ಅನೇಕ ಕಾರ್ಡ್‌ಗಳು ಒಪ್ಪುವುದಿಲ್ಲ. ಕೆಲಸ ಆರಂಭಿಸುವ ಮುನ್ನ ಕಾರ್ಡ್‌ನ ಕ್ಯಾಶ್‌ಗೆ ಆಸರೆಯಾಗಿರುವ ಬ್ಯಾಟರಿ ಅಥವಾ ಕೆಪ್ಯಾಸಿಟರ್ ಸುಸ್ಥಿತಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಪೂಲ್‌ಪಾಲಕಿ:

ಕಡತ ವ್ಯವಸ್ಥೆಯೂ ರೇಡ್ ನಿರ್ವಹಣೆಯೂ ಒಂದಾಗಿರುವ ಝಡ್‌ಎಫ್‌ಎಸ್ ಬಳಸುವವರಿಗಾಗಿ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಈ ಚರ್ಚೆಯನ್ನು ಓದಿ ಅಲ್ಲಿಯೂ ಹೀಗೆಯೇ ಎಂದುಕೊಂಡರೆ ತೊಂದರೆಯಾದೀತು. ರೇಡ್‌-ಝಡ್ ವಿಡೆವ್‌ಗೆ (ಪ್ಯಾರಿಟಿಯಿರುವ ಡಿಸ್ಕ್ ಗುಂಪಿಗೆ) ಒಂದು ಡಿಸ್ಕ್ ಸೇರಿಸಿ ಅಗಲಗೊಳಿಸುವ ಸೌಲಭ್ಯ ಬಂದದ್ದು 2025ರ ಜನವರಿಯಲ್ಲಿ ಬಿಡುಗಡೆಯಾದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ. ಒಮ್ಮೆಗೆ ಒಂದೇ ಡಿಸ್ಕ್ ಸೇರಿಸಬಹುದು. ರೇಡ್‌-ಝಡ್1 ಅನ್ನು ರೇಡ್‌-ಝಡ್2 ಮಾಡಲು ಅದರಿಂದ ಆಗುವುದಿಲ್ಲ. ಮೊದಲೇ ಬರೆದಿದ್ದ ಬ್ಲಾಕ್‌ಗಳು ಹಳೆಯ ಪ್ಯಾರಿಟಿ ಪ್ರಮಾಣವನ್ನೇ ಉಳಿಸಿಕೊಳ್ಳುತ್ತವೆ. ಹಾಗಾಗಿ ಲೆಕ್ಕ ಹಾಕಿದಷ್ಟು ಜಾಗ ಕಾಣಬೇಕಾದರೆ ಆ ಕಡತಗಳನ್ನು ಮತ್ತೊಮ್ಮೆ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಅಗಲಗೊಳಿಸಲು ಬೇಕಾದದ್ದು 'ಅಟ್ಯಾಚ್' ಆಜ್ಞೆ. ಅದರ ಬದಲು 'ಆ್ಯಡ್' ಎಂದು ಕೊಟ್ಟು, ಝಡ್‌ಎಫ್‌ಎಸ್ ಕೊಡುವ ಎಚ್ಚರಿಕೆಯನ್ನೂ 'ಫೋರ್ಸ್' ಆಯ್ಕೆಯಿಂದ ದಾಟಿಬಿಟ್ಟರೆ, ಆ ಒಂಟಿ ಡಿಸ್ಕ್ ರಕ್ಷಣೆಯಿಲ್ಲದ ಪ್ರತ್ಯೇಕ ವಿಡೆವ್ ಆಗಿ, ವಿಡೆವ್‌ಗಳೆಲ್ಲ ಸೇರಿ ಆಗುವ ಪೂಲ್‌ಗೆ ಸೇರುತ್ತದೆ. ರೇಡ್‌-ಝಡ್ ಇರುವ ಪೂಲ್‌ನಿಂದ ಅದನ್ನು ಮತ್ತೆ ಹೊರತೆಗೆಯಲಾಗದು. ಅದು ಕೆಟ್ಟರೆ ಇಡೀ ಪೂಲ್ ಹೋಗುತ್ತದೆ.

ಕಡತಪಾಲಕ:

ಸ್ಕ್ರಬ್ ಮುಗಿದ ಮೇಲೆ 197ನೆಯ ಸಾಲು 0ಕ್ಕೆ ಇಳಿದು, 5ನೆಯ ಸಾಲು 8ಕ್ಕೆ ಏರಿತು. ಮೂರನೆಯ ಹೊಸ ಡಿಸ್ಕ್ ಬಂದಿದೆ. ರಿಪ್ಲೇಸ್ ಕೆಲಸವನ್ನು ಹಳೆಯ ಯಂತ್ರದಲ್ಲಿಯೇ ಮಾಡಬೇಕೇ, ಹೊಸದಕ್ಕೆ ಹೋದ ಮೇಲೆಯೇ?

ಬಿಟ್‌ಬೆಳಕು:

ಮೊದಲು ಸಾಗಿಸಿ. ಅರೇ ಶಾಂತವಾಗಿರುವಾಗ ಸಾಗಿಸುವುದು ಅತ್ಯಂತ ಸರಳವಾದ ಕೆಲಸ. ಕಡತ ವ್ಯವಸ್ಥೆಯನ್ನು ಅನ್‌ಮೌಂಟ್ ಮಾಡಿ, ಎಲ್‌ವಿಎಂ ಜಾಗವನ್ನೆಲ್ಲ ಒಟ್ಟಾಗಿ ಇಡುವ ವಾಲ್ಯೂಮ್ ಗ್ರೂಪನ್ನು ನಿಷ್ಕ್ರಿಯಗೊಳಿಸಿ, ಅರೇಯನ್ನು ನಿಲ್ಲಿಸಿ. ಪ್ರತಿ ಡಿಸ್ಕ್‌ನ 'ಎಕ್ಸಾಮಿನ್' ವರದಿಯನ್ನು ಸೀರಿಯಲ್ ಸಂಖ್ಯೆಯೊಂದಿಗೆ ಬೇರೆಡೆ ಉಳಿಸಿಟ್ಟುಕೊಳ್ಳಿ. ಗುರುತುಗಳೆಲ್ಲ ಡಿಸ್ಕ್‌ನ ಸೂಪರ್‌ಬ್ಲಾಕ್‌ನಲ್ಲಿಯೇ ಇರುವುದರಿಂದ ಹೊಸ ಯಂತ್ರದಲ್ಲಿ ಯಾವ ಡಿಸ್ಕ್ ಯಾವ ಪೋರ್ಟ್‌ಗೆ ಹೋದರೂ ಎಂಡಿ ಗುರುತಿಸಿ ಜೋಡಿಸುತ್ತದೆ. ಅಲ್ಲಿ ರೇಡ್ ಕಾರ್ಡ್ ಇದ್ದರೆ ಅದು ಡಿಸ್ಕ್‌ಗಳನ್ನು ಹಾಗೆಯೇ ಕಾಣಿಸುವ ಸ್ಥಿತಿಯಲ್ಲಿರಬೇಕು. ತನ್ನದೇ ಮೆಟಾಡೇಟಾ ಬರೆಯುವಂತಿರಬಾರದು.

ಜೋಡಿಸುವಾಗ ಏನೇ ತೊಡಕು ಬಂದರೂ 'ಅಸೆಂಬಲ್' ಬಿಟ್ಟು 'ಕ್ರಿಯೇಟ್' ಆಜ್ಞೆಯನ್ನು ಕೊಡಬೇಡಿ. ದತ್ತಾಂಶವಿರುವ ಡಿಸ್ಕ್‌ಗಳ ಮೇಲೆ ಕ್ರಿಯೇಟ್ ಓಡಿಸಿದರೆ ಹಳೆಯ ಸೂಪರ್‌ಬ್ಲಾಕ್ ಅಳಿಸಿಹೋಗುತ್ತದೆ. ಡಿಸ್ಕ್‌ಗಳ ಕ್ರಮವಾಗಲಿ, ಒಂದು ಡಿಸ್ಕ್‌ಗೆ ಒಮ್ಮೆಗೆ ಹೋಗುವ ತುಣುಕಾದ ಚಂಕ್‌ನ ಗಾತ್ರವಾಗಲಿ, ದತ್ತಾಂಶ ಆರಂಭವಾಗುವ ಸ್ಥಾನವಾಗಲಿ ಒಂದಿಷ್ಟು ತಪ್ಪಿದರೂ ಒಳಗಿರುವುದೆಲ್ಲ ಅರ್ಥವಿಲ್ಲದ ಅಂಕಿಗಳಾಗಿ ಕಾಣುತ್ತದೆ. ತೊಡಕು ಬಂದರೆ ಅಲ್ಲಿಗೇ ನಿಲ್ಲಿಸಿ, ಎಕ್ಸಾಮಿನ್ ವರದಿಗಳನ್ನು ಇಲ್ಲಿ ಹಾಕಿ, ಸೇರಿ ನೋಡೋಣ.

ಕಡತಪಾಲಕ:

ಸ್ಥಳಾಂತರ ಸುಸೂತ್ರವಾಗಿ ಆಯಿತು. ರಿಪ್ಲೇಸ್ ಮುಗಿಯಿತು. ಪ್ರಿಸರ್ವ್ ಲೇಔಟ್‌ನಲ್ಲಿ ರೇಡ್ 6ಕ್ಕೆ ಬದಲಾಯಿಸಿದಾಗ ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಮೊದಲು, ಸರಿಯಿರುವ ಡಿಸ್ಕ್‌ಗೆ ಒಂದರಂತೆ, ನಾಲ್ಕು 'ಯು' ಅಕ್ಷರಗಳೂ ಕೊನೆಯಲ್ಲಿ ಒಂದು ಅಡಿಗೆರೆಯೂ ಇದ್ದವು. ಈಗ ಐದೂ 'ಯು' ಆಗಿವೆ. ಆರನೆಯ ಡಿಸ್ಕ್ ಸೇರಿಸುವ ಆಜ್ಞೆಯನ್ನು ಎಂಡಿ ಬಿಟ್‌ಮ್ಯಾಪ್ (ಇತ್ತೀಚೆಗೆ ಬರೆದ ಭಾಗಗಳ ಗುರುತುಪಟ್ಟಿ) ಕಾರಣಕ್ಕೆ ನಿರಾಕರಿಸಿತು. ಬಿಟ್‌ಮ್ಯಾಪ್ ತೆಗೆದ ಮೇಲೆ ಒಪ್ಪಿಕೊಂಡು ರೀಶೇಪ್ ಆರಂಭಿಸಿದೆ. ಆದರೆ ವೇಗ ಸೆಕೆಂಡಿಗೆ 9 ಎಂಬಿ ಆಸುಪಾಸಿನಲ್ಲಿಯೇ ನಿಂತಿದೆ. ಬಳಕೆದಾರರು ಅರೇಯನ್ನು ಬಳಸುತ್ತಲೂ ಇದ್ದಾರೆ.

ಬಿಟ್‌ಬೆಳಕು:

ಬಳಕೆ ಇರುವಾಗ ಎಂಡಿ ತಾನಾಗಿಯೇ ಹಿಂದೆ ಸರಿದು ಬಳಕೆದಾರರಿಗೆ ದಾರಿ ಬಿಡುತ್ತದೆ. ಅದರ ಕನಿಷ್ಠ ವೇಗದ ಮಿತಿ ಮೊದಲಿಂದಲೂ ಸೆಕೆಂಡಿಗೆ 1000 ಕೆಬಿಗೆ ನಿಗದಿಯಾಗಿರುತ್ತದೆ. ಇದನ್ನು 50000ಕ್ಕೆ ಏರಿಸಿ. ಹಾಗೆಯೇ ಸ್ಟ್ರೈಪ್ ಕ್ಯಾಶ್ 256 ಇರುವುದನ್ನು 8192 ಮಾಡಿ. ಪ್ರತಿ ಡಿಸ್ಕ್‌ಗೆ 4 ಕೆಬಿಯಂತೆ ಆರು ಡಿಸ್ಕ್‌ಗಳಿಗೆ 192 ಎಂಬಿ ಮೆಮೊರಿ ತೆಗೆದುಕೊಳ್ಳುತ್ತದೆ, ಹೊಸ ಯಂತ್ರಕ್ಕೆ ಅದು ಭಾರವಲ್ಲ. ಸೆಕೆಂಡಿಗೆ 50 ಎಂಬಿ ಸಿಕ್ಕರೆ 8 ಟಿಬಿ ದಾಟಲು ಸುಮಾರು 44 ಗಂಟೆ ಬೇಕು. ಇಷ್ಟಾದರೂ ವೇಗ ಏರದಿದ್ದರೆ ಹೊಸ ಡಿಸ್ಕ್‌ಗಳು ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಚಾಚುವಂತೆ ಬರೆಯುವ) ಬಗೆಯವೇ ಎಂದು ಮಾದರಿ ಸಂಖ್ಯೆಯಿಂದ ಪರಿಶೀಲಿಸಿ. ಅಂಥವು ಸತತ ಬರವಣಿಗೆಯಲ್ಲಿ ತೀರ ನಿಧಾನವಾಗುತ್ತವೆ. ಯುಪಿಎಸ್ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಳ್ಳಿ. ಮುಗಿಯುವವರೆಗೆ ಕರ್ನಲ್ ಅಪ್‌ಡೇಟ್ ಬೇಡ.

ಕಡತಪಾಲಕ:

ಮಿತಿಗಳನ್ನು ಏರಿಸಿದ ಮೇಲೆ ವೇಗ 50 ಎಂಬಿ ದಾಟಿತು. ರೀಶೇಪ್ ಈಗ ಪೂರ್ಣಗೊಂಡಿದ್ದು, ಆರೂ 'ಯು' ಕಾಣಿಸುತ್ತಿವೆ. ಆದರೆ ಜಾಗದ ಲೆಕ್ಕ ಕೊಡುವ ಡಿಎಫ್ ಆಜ್ಞೆ ಇನ್ನೂ ಹಳೆಯ ಗಾತ್ರವನ್ನೇ ತೋರಿಸುತ್ತಿದೆ.

ಬಿಟ್‌ಬೆಳಕು:

ಹಿಗ್ಗಿರುವುದು ಅರೇ ಮಾತ್ರ. ಅದರ ಮೇಲಿನ ಪದರಗಳಿಗೆ ಇನ್ನೂ ಸುದ್ದಿ ಹೋಗಿಲ್ಲ. ಮೊದಲು 'ಪಿವಿರೀಸೈಜ್', ನಂತರ 'ಎಲ್‌ವಿಎಕ್ಸ್‌ಟೆಂಡ್', ಕೊನೆಗೆ 'ರೀಸೈಜ್2ಎಫ್‌ಎಸ್', ಇದೇ ಕ್ರಮದಲ್ಲಿ ಓಡಿಸಿ. ಎಕ್ಸ್ಟ್4 ಮೌಂಟ್ ಆಗಿರುವಾಗಲೇ ಬೆಳೆಯಬಲ್ಲದು. ಎಲ್ಲ ಜಾಗವನ್ನೂ ಒಮ್ಮೆಗೇ ಕೊಟ್ಟುಬಿಡಬೇಡಿ: ಎಕ್ಸ್ಟ್4 ಅನ್ನು ಕುಗ್ಗಿಸಬೇಕಾದರೆ ಅನ್‌ಮೌಂಟ್ ಮಾಡಲೇಬೇಕು, ಆದ್ದರಿಂದ ಈಗ ಬೇಕಾದಷ್ಟನ್ನು ಕೊಟ್ಟು ಉಳಿದದ್ದನ್ನು ವಾಲ್ಯೂಮ್ ಗ್ರೂಪ್‌ನಲ್ಲಿ ಇಟ್ಟುಕೊಳ್ಳಿ. ಡಿಎಫ್‌ನಲ್ಲಿ ಕಾಣುವ ಅಂಕಿ ನಿರೀಕ್ಷೆಗಿಂತ ಕಡಿಮೆ ಇರುತ್ತದೆ. 32 ಟಿಬಿ ಎಂಬುದು ಎರಡರ ಘಾತಗಳ ಲೆಕ್ಕದಲ್ಲಿ 29.1 ಮಾತ್ರ.

ನಿಮ್ಮ ಕಡತ ವ್ಯವಸ್ಥೆ ಈಗಾಗಲೇ 16 ಟಿಬಿ ಗಡಿಯನ್ನು ದಾಟಿದೆಯಾದ್ದರಿಂದ ನಿಮಗೆ ತೊಂದರೆಯಿಲ್ಲ. ಇದನ್ನು ಓದುತ್ತಿರುವ ಬೇರೆಯವರಲ್ಲಿ 64-ಬಿಟ್ ಗುಣವಿಲ್ಲದ ಹಳೆಯ ಎಕ್ಸ್ಟ್4 ಇದ್ದರೆ, ಆ ಗಡಿಯಲ್ಲಿ ಬೆಳವಣಿಗೆ ನಿಂತುಹೋಗುತ್ತದೆ. ಅನ್‌ಮೌಂಟ್ ಮಾಡಿ ಮೊದಲು ಅದನ್ನು 64-ಬಿಟ್‌ಗೆ ಪರಿವರ್ತಿಸಬೇಕು.

ಸ್ಟ್ರೈಪ್ ಅಗಲವನ್ನೂ ತಿದ್ದಿಕೊಳ್ಳಿ. 512 ಕೆಬಿ ಚಂಕ್, 4 ಕೆಬಿ ಬ್ಲಾಕ್ ಆದರೆ ಸ್ಟ್ರೈಡ್ (ಒಂದು ಚಂಕ್‌ನಲ್ಲಿರುವ ಬ್ಲಾಕ್‌ಗಳ ಸಂಖ್ಯೆ) 128 ಹಾಗೆಯೇ ಇರುತ್ತದೆ. ದತ್ತಾಂಶದ ಡಿಸ್ಕ್‌ಗಳು ಮೂರಿದ್ದಾಗ 384 ಇದ್ದ ಸ್ಟ್ರೈಪ್ ಅಗಲ ಈಗ 512 ಆಗಬೇಕು. ತೆಗೆದಿದ್ದ ಬಿಟ್‌ಮ್ಯಾಪನ್ನು ಮತ್ತೆ ಸೇರಿಸಿ. ಇಲ್ಲದಿದ್ದರೆ ಒಮ್ಮೆ ಯಂತ್ರ ಹಠಾತ್ತಾಗಿ ನಿಂತರೂ ಇಡೀ ಅರೇ ಮೊದಲಿಂದ ಸಿಂಕ್ ಆಗಬೇಕಾಗುತ್ತದೆ. ಎಂಡಿಆಡಮ್‌ನ ಕಾನ್ಫಿಗ್ ಕಡತದಲ್ಲಿ ಅರೇಯ ಸಾಲನ್ನು ಹೊಸದಾಗಿ ಬರೆದು ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ನವೀಕರಿಸಿ, ಒಮ್ಮೆ ರೀಬೂಟ್ ಮಾಡಿ ನೋಡಿ. ತಿಂಗಳಿಗೊಮ್ಮೆ ಸ್ಕ್ರಬ್ ನಡೆಯುವಂತೆ ಟೈಮರ್ ಹಾಕಿ. ತೆಗೆದ ಡಿಸ್ಕ್‌ನ ಸೂಪರ್‌ಬ್ಲಾಕನ್ನು ರೀಬೂಟ್‌ಗೆ ಮೊದಲೇ ಅಳಿಸಿಡಿ. ಅದು ಮುಂದೊಂದು ದಿನ ಇದೇ ಯಂತ್ರಕ್ಕೆ ಸೇರಿದರೆ ಹಳೆಯ ಅರೇಯ ಸದಸ್ಯನೆಂದು ತನ್ನನ್ನು ಹೇಳಿಕೊಳ್ಳುತ್ತದೆ.

ಕಡತಪಾಲಕ:

ಎಲ್ಲವನ್ನೂ ಇದೇ ಕ್ರಮದಲ್ಲಿ ಮಾಡಿದೆ. ಎಕ್ಸ್ಟ್4ಗೆ ಸದ್ಯಕ್ಕೆ ಹೆಚ್ಚುವರಿಯಾಗಿ 4 ಟಿಬಿ ಕೊಟ್ಟಿದ್ದೇನೆ, ಉಳಿದದ್ದು ವಾಲ್ಯೂಮ್ ಗ್ರೂಪ್‌ನಲ್ಲಿದೆ. ರೀಬೂಟ್ ಆದ ಮೇಲೆ ಅರೇ ತಾನಾಗಿಯೇ ಜೋಡಿಕೊಂಡಿತು. ಹೊರಗಿನ ಡಿಸ್ಕ್‌ನಲ್ಲಿದ್ದ 3 ಟಿಬಿ ನಕಲನ್ನು ಅಳಿಸದೆ, ಮುಖ್ಯ ಬ್ಯಾಕಪ್‌ಗೆ ಸೇರಿಸುವ ಕೆಲಸ ಈಗ ನಡೆಯುತ್ತಿದೆ.